ಲೆವೆಲಿಂಗ್ ಸ್ಪ್ರಿಂಗ್ ಹಾಕಿದ ಮೇಲೆ ಪಿಕಪ್ ಎಳೆಯುತ್ತಿದೆಯೇ, ಟೈರು ತಿನ್ನುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಪಿಕಪ್ ಟ್ರಕ್ಕಿನ ಮೂತಿ ಕಾರ್ಖಾನೆಯಿಂದ ಬರುವಾಗಲೇ ಸ್ವಲ್ಪ ಬಗ್ಗಿರುತ್ತದೆ. ಹಿಂದೆ ಭಾರ ಹೇರಿದಾಗ ಗಾಡಿ ಸಮಕ್ಕೆ ಬರಲಿ ಎಂಬುದು ಅದರ ಲೆಕ್ಕ. ಖಾಲಿ ಗಾಡಿಯೂ ಸಮವಾಗಿ ಕಾಣಬೇಕು, ಮುಂದೆ ದೊಡ್ಡ ಟೈರು ಹಿಡಿಸಬೇಕು ಎನ್ನುವವರು ಮುಂದಿನ ಸ್ಪ್ರಿಂಗ್ ತೆಗೆದು 40ರಿಂದ 60 ಮಿಮೀ ಎತ್ತರಿಸುವ ಲೆವೆಲಿಂಗ್ ಸ್ಪ್ರಿಂಗ್ ಹಾಕುತ್ತಾರೆ. ಸ್ಪ್ರಿಂಗ್ ಮೇಲೆತ್ತುವುದು ಚಾಸಿಯನ್ನು ಮಾತ್ರ. ಚಕ್ರ ನೆಲದಲ್ಲೇ ಇರುತ್ತದೆ. ನಡುವೆ ಸಿಕ್ಕಿಕೊಂಡ, ಚಕ್ರವನ್ನು ಚಾಸಿಗೆ ಹಿಡಿದಿಡುವ ಆರ್ಮ್, ರಾಡುಗಳೆಲ್ಲ ಹೊಸ ಕೋನಕ್ಕೆ ಬಂದು ನಿಲ್ಲುತ್ತವೆ, ಅದರೊಂದಿಗೆ ಚಕ್ರಗಳ ಕೋನದ ಹೊಂದಾಣಿಕೆ, ಅಂದರೆ ಅಲೈನ್‌ಮೆಂಟೂ ಬದಲಾಗುತ್ತದೆ. "ಎತ್ತಿದ್ದು ಸ್ವಲ್ಪವೇ, ಅಲೈನ್‌ಮೆಂಟ್ ಬೇಕಿಲ್ಲ" ಎಂಬ ಮಾತು ಯಾರು ಹೇಳಿದರೂ ನಂಬಬೇಡಿ.

ಹಾಗೆಂದು ಗಾಡಿ ಎಳೆದ ಕೂಡಲೇ ಅಲೈನ್‌ಮೆಂಟ್ ಯಂತ್ರದ ಮುಂದೆ ನಿಲ್ಲಿಸುವುದೂ ಸರಿಯಲ್ಲ. ಸ್ಪ್ರಿಂಗ್ ತನ್ನ ಜಾಗದಲ್ಲಿ ಕುಳಿತಿಲ್ಲದಿದ್ದರೆ, ಆರ್ಮಿನ ಬುಡದ ರಬ್ಬರ್ ಬುಷ್ ತಿರುಚಿಕೊಂಡಿದ್ದರೆ, ಬೋಲ್ಟ್ ಸಡಿಲವಿದ್ದರೆ ಯಂತ್ರ ತೋರಿಸುವ ಅಂಕಿ ನಾಳೆಗೆ ಉಳಿಯುವುದಿಲ್ಲ. ಮೊದಲು ಎತ್ತರ, ಆಮೇಲೆ ಬೋಲ್ಟು, ಕೊನೆಗೆ ಕೋನ. ಕೆಳಗಿನ ಎಲ್ಲ ತಪಾಸಣೆಯೂ ಈ ಕ್ರಮದಲ್ಲೇ ಇದೆ.

ಪದೇ ಪದೇ ಬರುವ ಮೂರು ಹೆಸರು ತಿಳಿದಿರಲಿ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವುದು ಕ್ಯಾಂಬರ್. ಹೊರಗೆ ವಾಲಿದರೆ ಪ್ಲಸ್, ಒಳಗೆ ವಾಲಿದರೆ ಮೈನಸ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಅತ್ತಿತ್ತ ಹೊರಳುವ ಅಕ್ಷ, ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಎರಡು ಚಕ್ರದ ಮೂತಿಗಳು ಒಂದಕ್ಕೊಂದು ಹತ್ತಿರವಾಗಿದ್ದರೆ ಟೋ-ಇನ್, ದೂರವಾಗಿದ್ದರೆ ಟೋ-ಔಟ್.

ಇನ್ನೊಂದು, ಗಾಡಿಯ ಮುಂಭಾಗ ಯಾವ ಬಗೆಯದು ಎಂದು ಬಗ್ಗಿ ನೋಡಿಕೊಳ್ಳಿ. ಚಕ್ರದಿಂದ ಚಕ್ರಕ್ಕೆ ಒಂದೇ ದಪ್ಪ ಉಕ್ಕಿನ ಕೊಳವೆ ಹೋಗಿದ್ದರೆ ಸಾಲಿಡ್ ಆಕ್ಸಲ್. ಫೋರ್ಡ್ ಸೂಪರ್ ಡ್ಯೂಟಿ 4x4, ರಾಮ್ 2500, ಜೀಪ್ ಗ್ಲೇಡಿಯೇಟರ್ ಈ ಬಗೆಯವು. ಎರಡೂ ಕಡೆ ಪ್ರತ್ಯೇಕ ಮೇಲಿನ-ಕೆಳಗಿನ ಆರ್ಮ್ ಇದ್ದರೆ ಇಂಡಿಪೆಂಡೆಂಟ್. ಟೊಯೋಟಾ ಟಕೋಮಾ, ಫೋರ್ಡ್ ಎಫ್-150 ಹೀಗಿವೆ. ಲಕ್ಷಣ ಒಂದೇ ಇದ್ದರೂ ಇವೆರಡರಲ್ಲಿ ಕಾರಣ ಬೇರೆ ಬೇರೆ.

ಕೆಳಗೆ ನುಗ್ಗುವ ಮುನ್ನ

ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಚಾಚಬೇಡಿ.

ಒತ್ತಿದ ಕಾಯಿಲ್ ಸ್ಪ್ರಿಂಗಿನೊಳಗೆ ಜೀವ ತೆಗೆಯುವಷ್ಟು ಬಲ ಅಡಗಿರುತ್ತದೆ. ಸ್ಟ್ರಟ್ ಅಥವಾ ಕಾಯಿಲ್-ಓವರ್ (ಷಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂತಿರುವ) ಜೋಡಣೆಯ ನೆತ್ತಿಯ ನಡುವಿನ ನಟ್ಟನ್ನು, ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರಿನಲ್ಲಿ ಹಿಡಿಯದೆ ಸಡಿಲಿಸಲೇಬಾರದು. ಸ್ಪ್ರಿಂಗ್ ತಪ್ಪಾಗಿ ಕುಳಿತಿದೆ ಎಂದು ತಪಾಸಣೆಯಲ್ಲಿ ಗೊತ್ತಾದರೆ, ಆ ಬಿಚ್ಚುವ ಕೆಲಸವನ್ನು ಗೋಡೆಗೆ ಬಿಗಿದ ದೊಡ್ಡ ಕಂಪ್ರೆಸರ್ ಇರುವ ಗ್ಯಾರೇಜಿಗೆ ಬಿಡಿ. ಕೈಯಿಂದ ತಿರುಗಿಸುವ ಎರಡು ಕೊಕ್ಕೆಯ ಕಂಪ್ರೆಸರ್ ದಪ್ಪ ತಂತಿಯ ಟ್ರಕ್ ಸ್ಪ್ರಿಂಗಿಗೆ ಆಗಿಬರುವುದಿಲ್ಲ. ಅದಕ್ಕೆ ಇಂಪ್ಯಾಕ್ಟ್ ಗನ್ ಹಚ್ಚುವುದಂತೂ ಬೇಡವೇ ಬೇಡ.

ಯಾವ ಲಕ್ಷಣವಿದ್ದರೂ ಮೊದಲು ಮಾಡುವ ತಪಾಸಣೆ

ಗಾಳಿ ನೋಡಿ. ಟೈರು ತಣ್ಣಗಿರುವಾಗ ನಾಲ್ಕಕ್ಕೂ ಬಾಗಿಲಿನ ಪಟ್ಟಿಯಲ್ಲಿ ಬರೆದಷ್ಟು ತುಂಬಿಸಿ. ಎಡ-ಬಲದ ನಡುವೆ ನಾಲ್ಕೈದು ಪಿಎಸ್‌ಐ ವ್ಯತ್ಯಾಸವಿದ್ದರೂ ಗಾಡಿ ಒಂದು ಕಡೆಗೆ ವಾಲುತ್ತದೆ. ಬಿಟ್ಟಿಯಾಗಿ ಆಗುವ ಕೆಲಸವಾದ್ದರಿಂದಲೇ ಏನೋ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಆಮೇಲೆ ಎತ್ತರ. ಜಾಕಿನಿಂದ ಇಳಿಸಿದ ಕೂಡಲೇ ಟೇಪು ಹಿಡಿಯಬೇಡಿ. ಇಳಿಯುವಾಗ ಟೈರುಗಳು ನೆಲವನ್ನು ಕಚ್ಚಿಕೊಂಡು ಒಳಗೇ ನಿಂತಿರುತ್ತವೆ, ಗಾಡಿ ಇರಬೇಕಾದ್ದಕ್ಕಿಂತ ಎತ್ತರ ಕಾಣುತ್ತದೆ. ಐದಾರು ಮೀಟರ್ ಹಿಂದೆ ಮುಂದೆ ಓಡಿಸಿ, ಬಂಪರನ್ನು ನಾಲ್ಕು ಸಲ ಒತ್ತಿ ಬಿಟ್ಟು, ನಂತರ ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಸೇರಿ ಗೊಂದಲವಾಗುತ್ತದೆ.

ಎಡ-ಬಲದ ವ್ಯತ್ಯಾಸ 6 ಮಿಮೀ ಒಳಗಿದ್ದರೆ ಚಿಂತೆಯಿಲ್ಲ. 10 ಮಿಮೀ ದಾಟಿದರೆ ಸ್ಪ್ರಿಂಗಿನ ಕಡೆ ಅನುಮಾನ ಪಡಬೇಕು. ಕೆಳತುದಿಯ ಸುರುಳಿ ತನ್ನ ಗುಳಿಯಲ್ಲಿ ಇಳಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಸ್ಪ್ರಿಂಗ್ ತಂತಿಯ ಕೊನೆ, ತಟ್ಟೆಯಲ್ಲಿರುವ ಮೆಟ್ಟಿಲಿಗೆ ಒತ್ತಿ ನಿಂತಿರಬೇಕು. ಒಂದು ಬೆರಳಿನಷ್ಟು ಅಂತರವಿದ್ದರೆ ಸುರುಳಿ ಮೆಟ್ಟಿಲ ಮೇಲೆ ಹತ್ತಿ ಕುಳಿತಿದೆ ಎಂದರ್ಥ. ಅಲ್ಲಿ 6 ಮಿಮೀ ಎತ್ತರವಾದರೆ ಫೆಂಡರಿನಲ್ಲಿ ಸುಮಾರು 11 ಮಿಮೀ ಕಾಣುತ್ತದೆ. ಇಂಡಿಪೆಂಡೆಂಟ್ ಗಾಡಿಯಲ್ಲಿ ಸ್ಪ್ರಿಂಗ್ ಆರ್ಮಿನ ನಡುವಲ್ಲೆಲ್ಲೋ ಕುಳಿತಿರುತ್ತದೆ, ಚಕ್ರ ತುದಿಯಲ್ಲಿರುತ್ತದೆ. ಸ್ಪ್ರಿಂಗಿನ ಬಳಿಯ ಚಿಕ್ಕ ತಪ್ಪು ಚಕ್ರದ ಬಳಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೇಲಿನ ರಬ್ಬರ್ ತಟ್ಟೆಯನ್ನು ಒಂದು ಕಡೆ ಮಾತ್ರ ಹಾಕಿ ಇನ್ನೊಂದು ಕಡೆ ಮರೆತಿದ್ದರೂ ಹೀಗೇ ಆಗುತ್ತದೆ. ಕೆಲವು ಸೆಟ್ಟುಗಳಲ್ಲಿ ಎಡ-ಬಲದ ಸ್ಪ್ರಿಂಗುಗಳ ಉದ್ದವೇ ಬೇರೆ ಇರುತ್ತದೆ. ಅದಲು ಬದಲಾಗಿದೆಯೇ ಎಂದು ಸ್ಪ್ರಿಂಗಿನ ಮೇಲಿನ ಚೀಟಿ ಅಥವಾ ಅಚ್ಚಾದ ಸಂಖ್ಯೆಯನ್ನು ಸೂಚನಾ ಹಾಳೆಯೊಂದಿಗೆ ತಾಳೆ ನೋಡಿ.

ಮೂರನೆಯದು ಬೋಲ್ಟ್. ಬಿಚ್ಚಿದ್ದ ಪ್ರತಿ ಬೋಲ್ಟಿಗೂ ಟಾರ್ಕ್ ರೆಂಚ್ ಹಚ್ಚಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿದು, ನಟ್ಟಿನಿಂದ ಬ್ರಾಕೆಟಿನವರೆಗೆ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಚಕ್ರದ ನಟ್ಟುಗಳನ್ನು 80–100 ಕಿಮೀ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಇದರಲ್ಲೇ ಅಡಗಿರುವ, ಅತಿ ಹೆಚ್ಚು ಕಾಣುವ ತಪ್ಪೊಂದಿದೆ. ಆರ್ಮಿನ ಬುಡದ ಬುಷ್ ಬರೀ ರಬ್ಬರ್ ತುಂಡಲ್ಲ. ಅದರ ಒಳಕೊಳವೆ ಬೋಲ್ಟಿನೊಂದಿಗೆ ಬಿಗಿಯುತ್ತದೆ, ಹೊರಕೊಳವೆ ಆರ್ಮಿಗೆ ಅಂಟಿರುತ್ತದೆ, ನಡುವಿನ ರಬ್ಬರ್ ಎರಡಕ್ಕೂ ಬೆಸೆದಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರ್ ತಿರುಚಿ ಮರಳುತ್ತದೆ, ಎಲ್ಲೂ ಜಾರುವುದಿಲ್ಲ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ನೇತಾಡುವ ಸ್ಥಿತಿಯೇ ರಬ್ಬರಿನ ವಿಶ್ರಾಂತಿ ಸ್ಥಿತಿಯಾಗುತ್ತದೆ. ಗಾಡಿ ಇಳಿದಾಗ ಬುಷ್ ತಿರುಚಿಕೊಂಡು ಆರ್ಮನ್ನು ಮತ್ತೆ ಕೆಳಗೆ ದೂಡಲು ನೋಡುತ್ತಿರುತ್ತದೆ. ಪರಿಣಾಮ: ಗಾಡಿ ಹೇಳಿದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಎಡ-ಬಲ ಸರಿಸಮವಿರುವುದಿಲ್ಲ, ಓಟ ಗಟ್ಟಿಯಾಗುತ್ತದೆ, ಮಾಡಿಸಿದ ಅಲೈನ್‌ಮೆಂಟ್ ಕೆಲವೇ ವಾರದಲ್ಲಿ ಕೆಡುತ್ತದೆ, ಕೊನೆಗೆ ರಬ್ಬರ್ ಹರಿಯುತ್ತದೆ. ಪರಿಹಾರ ಸುಲಭ, ಖರ್ಚೂ ಇಲ್ಲ. ನಾಲ್ಕೂ ಚಕ್ರ ನೆಲದ ಮೇಲಿದ್ದು ಗಾಡಿಯ ಪೂರ್ತಿ ಭಾರ ಬಿದ್ದಿರುವಾಗ ಆರ್ಮ್ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಗಾಡಿಯನ್ನು ಕುಲುಕಿ, ಮತ್ತೆ ಪೂರ್ತಿ ಬಿಗಿಯಿರಿ. ಅಲೈನ್‌ಮೆಂಟ್ ಹೊಂದಿಸುವ ಕ್ಯಾಮ್ ಬೋಲ್ಟುಗಳಾದರೆ (ತಿರುಗಿಸಿದಂತೆ ಆರ್ಮನ್ನು ಒಳಗೆ ಹೊರಗೆ ಸರಿಸುವ, ನಡು ತಪ್ಪಿದ ತಟ್ಟೆಯ ಬೋಲ್ಟುಗಳು) ಸಡಿಲಿಸುವ ಮೊದಲು ಕ್ಯಾಮಿನ ಜಾಗಕ್ಕೆ ಗುರುತು ಹಾಕಿ, ಅದೇ ಗುರುತಿಗೆ ತಂದು ಬಿಗಿಯಿರಿ.

ಗಾಡಿ ನೇರ ಹೋಗುತ್ತಿದೆ, ಸ್ಟೀರಿಂಗ್ ಮಾತ್ರ ಓರೆ

ಇದು ಅಷ್ಟೇನೂ ಅಪಾಯದ ಲಕ್ಷಣವಲ್ಲ, ಆದರೆ ತಪ್ಪು ಜಾಗದಲ್ಲಿ ಕೈ ಹಾಕಿದರೆ ಕೆಲಸ ಕೆಡುತ್ತದೆ.

ಸಾಲಿಡ್ ಆಕ್ಸಲಿನಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಓರೆಯಾಗಿ ಇಳಿಯುವ ಡ್ರ್ಯಾಗ್ ಲಿಂಕ್ ಎಂಬ ರಾಡಿದೆ. ಚಾಸಿ ಮೇಲೆ ಹೋದಾಗ ಅದು ಇನ್ನಷ್ಟು ಓರೆಯಾಗಿ, ಅಡ್ಡಳತೆಯಲ್ಲಿ ಗಿಡ್ಡವಾಗುತ್ತದೆ. ಚಕ್ರ ನೇರವಿದ್ದರೆ ಸ್ಟೀರಿಂಗ್ ವಾರೆ, ಸ್ಟೀರಿಂಗ್ ನೇರವಿದ್ದರೆ ಚಕ್ರ ವಾರೆ. ಸರಿಪಡಿಸಬೇಕಾದ್ದು ಡ್ರ್ಯಾಗ್ ಲಿಂಕಿನ ಮೇಲಿರುವ ತಿರುಗು ಕೊಳವೆಯನ್ನು: ಎರಡು ಕ್ಲ್ಯಾಂಪ್ ಸಡಿಲಿಸಿ, ಕಾಲು ಸುತ್ತು ತಿರುಗಿಸಿ, ಓಡಿಸಿ ನೋಡಿ, ಮತ್ತೆ ಕಾಲು ಸುತ್ತು. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಮುಟ್ಟಬೇಡಿ, ಅದು ಟೋ ಕೆಡಿಸುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಟೈ ರಾಡ್ ಬಂದು ಡ್ರ್ಯಾಗ್ ಲಿಂಕಿಗೇ ಸೇರುವ ವೈ ಆಕಾರದ ಜೋಡಣೆಯಿದೆ. ಅಲ್ಲಿ ಎತ್ತರ ಬದಲಾದರೆ ಟೋ ಕೂಡ ಬದಲಾಗುವುದರಿಂದ ಎರಡನ್ನೂ ಒಟ್ಟಿಗೆ ಹೊಂದಿಸಬೇಕು.

ಇಂಡಿಪೆಂಡೆಂಟ್ ಗಾಡಿಯಲ್ಲಿ ಎರಡೂ ಕಡೆಯ ಟೈ ರಾಡ್ ಸಮವಾಗಿ ಹೊಂದಿಸಿಲ್ಲ ಎಂದು ಇದರ ಅರ್ಥ. ಒಂದು ಕಡೆ ಎಷ್ಟು ಬಿಚ್ಚುತ್ತೀರೋ ಇನ್ನೊಂದು ಕಡೆ ಅಷ್ಟೇ ಬಿಗಿದರೆ ಒಟ್ಟು ಟೋ ಹಾಗೇ ಉಳಿದು ಸ್ಟೀರಿಂಗ್ ನಡುವಿಗೆ ಬರುತ್ತದೆ. ಸ್ಟೀರಿಂಗ್ ಚಕ್ರವನ್ನೇ ಕಿತ್ತು ಒಂದು ಹಲ್ಲು ಸರಿಸಿ ಕೂರಿಸುವ ಅಡ್ಡದಾರಿ ಬೇಡ. ಏರ್‌ಬ್ಯಾಗ್ ಇರುವ ಜಾಗ ಅದು, ಮೇಲಾಗಿ ಸ್ಟೀರಿಂಗ್ ಕೋನದ ಸೆನ್ಸರಿಗೆ ಸುಳ್ಳು ಹೇಳಿದಂತಾಗುತ್ತದೆ.

ಒಂದು ಕಡೆಗೆ ಎಳೆಯುತ್ತದೆ

ನೀರು ಹರಿದುಹೋಗಲಿ ಎಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ಹಾಗಾಗಿ ಯಾವ ಗಾಡಿಯಾದರೂ ಅಂಚಿಗೆ ತುಸು ವಾಲುತ್ತದೆ. ಸಮತಟ್ಟಾದ ದೊಡ್ಡ ಖಾಲಿ ಜಾಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ. ಎರಡು ದಿಕ್ಕಿನಲ್ಲೂ ಒಂದೇ ಕಡೆ ಎಳೆದರೆ ಮಾತ್ರ ಮುಂದುವರಿಯಿರಿ.

ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರಾದರೆ, ಸ್ವಲ್ಪ ದೂರದ ಪರೀಕ್ಷೆಗಷ್ಟೇ. ಎಳೆತ ಈಗ ಇನ್ನೊಂದು ಕಡೆಗೆ ತಿರುಗಿತೋ, ದೋಷ ಟೈರಿನದ್ದು; ಸ್ಪ್ರಿಂಗಿಗೂ ಅಲೈನ್‌ಮೆಂಟಿಗೂ ಸಂಬಂಧವಿಲ್ಲ. ಎಳೆತ ಬದಲಾಗದಿದ್ದರೆ ಕೋನದ ಕಡೆ ನೋಡಬೇಕು.

ನಿಯಮ ಎರಡೇ ಇವೆ. ಗಾಡಿ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ, ಮತ್ತು ಕ್ಯಾಂಬರ್ ಹೆಚ್ಚು ಪ್ಲಸ್ ಇರುವ ಕಡೆಗೆ ಎಳೆಯುತ್ತದೆ. ಎಡ-ಬಲದ ವ್ಯತ್ಯಾಸ ಎರಡರಲ್ಲೂ ಅರ್ಧ ಡಿಗ್ರಿಯೊಳಗೆ ಇರಬೇಕು. ಟೋ ತಪ್ಪಿದ್ದರೆ ಗಾಡಿ ಸಾಮಾನ್ಯವಾಗಿ ಎಳೆಯುವುದಿಲ್ಲ, ಟೈರು ತಿನ್ನುತ್ತದೆ. "ಎಳೆಯುತ್ತಿದೆ, ಟೋ ಸರಿಮಾಡಿ" ಎಂದು ಕೇಳಿದರೆ ಟೋ ಸರಿಮಾಡಿ ಕಳಿಸುತ್ತಾರೆ, ಎಳೆತ ಹಾಗೇ ಉಳಿಯುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬೇರೆ ಕಥೆ. ಸ್ಪ್ರಿಂಗ್ ಹಾಕುವಾಗ ಕ್ಯಾಲಿಪರನ್ನು ರಬ್ಬರ್ ಹೋಸಿನ ಮೇಲೆ ನೇತುಹಾಕಿದ್ದರೆ ಹೋಸ್ ಒಳಗೇ ಹರಿದಿರಬಹುದು. ಕ್ಯಾಲಿಪರ್ ಬೋಲ್ಟ್, ಆರ್ಮ್ ಬುಷ್ ಸಡಿಲವಿರಬಹುದು. ಹೀಗಿದ್ದರೆ ಓಡಿಸುವುದನ್ನು ನಿಲ್ಲಿಸಿ ಬ್ರೇಕ್ ಪರೀಕ್ಷೆ ಮಾಡಿಸಿ.

ಹೆದ್ದಾರಿಯಲ್ಲಿ ತೇಲುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ

ಲೆವೆಲಿಂಗ್ ಸ್ಪ್ರಿಂಗಿನ ಅಸಲಿ ಕಾಯಿಲೆ ಇದು. ಕ್ಯಾಸ್ಟರ್ ಕಡಿಮೆಯಾಗಿದೆ. ಕೈಬಿಟ್ಟರೂ ಸೈಕಲ್ ನೇರ ಹೋಗಲು ಅದರ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದೂ ಒಂದು ಕಾರಣ. ಟ್ರಕ್ಕಿನಲ್ಲೂ ಅದೇ ಕೆಲಸ ಕ್ಯಾಸ್ಟರಿನದು. ಅದು ಕರಗಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಗಾಡಿ ಗೆರೆಯೊಳಗೆ ನಿಲ್ಲದೆ ಸದಾ ಸಣ್ಣಗೆ ತಿದ್ದುತ್ತಿರಬೇಕಾಗುತ್ತದೆ.

ಸಾಲಿಡ್ ಆಕ್ಸಲಿನಲ್ಲಿ ಎಷ್ಟು ಕರಗುತ್ತದೆ ಎಂದು ಲೆಕ್ಕ ಹಾಕಬಹುದು. ಆಕ್ಸಲಿನಿಂದ ಹಿಂದಕ್ಕೆ ಚಾಸಿಗೆ ಹೋಗುವ ರೇಡಿಯಸ್ ಆರ್ಮ್ 900 ಮಿಮೀ ಉದ್ದ, ಹಿಂದಿನ ಮುಂದಿನ ಚಕ್ರಗಳ ಅಂತರ 3500 ಮಿಮೀ, ಎತ್ತಿದ್ದು 50 ಮಿಮೀ ಎಂದುಕೊಳ್ಳಿ. ಆರ್ಮಿನ ಹಿಂತುದಿ ಆಕ್ಸಲಿಗಿಂತ 900 ಮಿಮೀ ಹಿಂದಿರುವುದರಿಂದ ಅಲ್ಲಿ ಚಾಸಿ ಪೂರ್ತಿ 50 ಏರುವುದಿಲ್ಲ, ಸುಮಾರು 37 ಮಿಮೀ ಏರುತ್ತದೆ. ಆರ್ಮ್ ಹಿಂದೆ ಎದ್ದಂತೆ ಅದಕ್ಕೆ ಬಿಗಿದ ಆಕ್ಸಲಿನ ತಲೆ ಮುಂದಕ್ಕೆ ಮಗುಚುತ್ತದೆ. 37 ಮಿಮೀಯನ್ನು 900ರಿಂದ ಭಾಗಿಸಿ, ಬಂದದ್ದನ್ನು ಕೋನಕ್ಕೆ ತಿರುಗಿಸಿದರೆ ಸುಮಾರು 2.4 ಡಿಗ್ರಿ. ಮೊದಲು 4 ಡಿಗ್ರಿ ಕ್ಯಾಸ್ಟರ್ ಇದ್ದ ಗಾಡಿಯಲ್ಲಿ ಉಳಿದಿದ್ದು 1.6. ತೇಲದೆ ಇನ್ನೇನು ಮಾಡೀತು?

ಖಚಿತ ಮಾಡಿಕೊಳ್ಳಲು ಮನೆಯಲ್ಲೇ ಒಂದು ಅಂದಾಜು ಅಳತೆ ಸಾಧ್ಯ. ಮುಂದಿನ ಚಕ್ರಗಳ ಕೆಳಗೆ ಎಣ್ಣೆ ಸವರಿದ ಎರಡೆರಡು ತಗಡಿನ ಹಾಳೆ ಇಡಿ, ಚಕ್ರ ಸಲೀಸಾಗಿ ತಿರುಗಲಿ. ರಿಮ್ಮಿಗೆ ನೇರವಾದ ಪಟ್ಟಿಯೊಂದನ್ನು ಲಂಬವಾಗಿ ಒತ್ತಿಹಿಡಿದು ಅದರ ಮೇಲೆ ಡಿಜಿಟಲ್ ಕೋನಮಾಪಕ ಇಡಿ. ಚಕ್ರದ ಮೂತಿಯನ್ನು ಒಳಕ್ಕೆ 20 ಡಿಗ್ರಿ ತಿರುಗಿಸಿ ಕ್ಯಾಂಬರ್ ಬರೆದುಕೊಳ್ಳಿ, ಹೊರಕ್ಕೆ 20 ಡಿಗ್ರಿ ತಿರುಗಿಸಿ ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಹೆಚ್ಚುಕಡಿಮೆ ಕ್ಯಾಸ್ಟರ್ ಸಿಗುತ್ತದೆ. ವ್ಯತ್ಯಾಸ 1 ಡಿಗ್ರಿ ಬಂದರೆ ಕ್ಯಾಸ್ಟರ್ 1.5 ಡಿಗ್ರಿ, ಅಂದರೆ ಕಾರಣ ಸಿಕ್ಕಿತು. ಇದು ದೋಷ ಗುರುತಿಸಲು ಸಾಕು, ಹೊಂದಿಸಲು ಸಾಲದು.

ಪರಿಹಾರ ಗಾಡಿಯ ಮೇಲೆ ಅವಲಂಬಿತ. ಸೂಪರ್ ಡ್ಯೂಟಿಯಲ್ಲಿ ಮೇಲಿನ ಬಾಲ್ ಜಾಯಿಂಟಿನ (ಚಕ್ರ ಅತ್ತಿತ್ತ ತಿರುಗಲು ಬಿಡುವ ಗುಂಡುಕೀಲಿನ) ಸುತ್ತ ಇರುವ ವಾರೆ ತೂತಿನ ಬುಷ್ ಬದಲಿಸಿ ಸ್ವಲ್ಪ ಕ್ಯಾಸ್ಟರ್ ಮರಳಿ ಪಡೆಯಬಹುದು. ನಾಲ್ಕು ಆರ್ಮ್ ಇರುವ ಹಳೆಯ ರಾಮ್‌ಗಳಲ್ಲಿ ಕೆಳಗಿನ ಆರ್ಮಿಗೆ ಕ್ಯಾಮ್ ಬೋಲ್ಟಿದೆ. ರೇಡಿಯಸ್ ಆರ್ಮ್ ಗಾಡಿಗಳಿಗೆ ಆರ್ಮಿನ ಹಿಂತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಒಳ್ಳೆಯ ಮದ್ದು, ಏಕೆಂದರೆ ಅದು ಕೋನವನ್ನು ಮೊದಲಿನ ಜಾಗಕ್ಕೇ ತರುತ್ತದೆ. ಸ್ಟೀರಿಂಗಿನ ನಡುಕ ಹೀರುವ ಡ್ಯಾಂಪರ್ ಬದಲಿಸುವುದು ಮಾತ್ರ ಹಣದ ದಂಡ. ಅದು ತೇಲಾಟವನ್ನು ಮುಚ್ಚಿಡುತ್ತದೆಯೇ ಹೊರತು ಕ್ಯಾಸ್ಟರ್ ತಂದುಕೊಡುವುದಿಲ್ಲ.

ತಿರುಗಿಸುವಾಗ ಸ್ಟೀರಿಂಗ್ ನಡುವೆ ಗಡುಸಾಗಿ ಸಿಕ್ಕಿಕೊಂಡಂತಾದರೆ ಅದು ಕ್ಯಾಸ್ಟರ್ ಅಲ್ಲ. ಬಾಲ್ ಜಾಯಿಂಟ್ ಒಣಗಿದೆ ಅಥವಾ ಸ್ಟೀರಿಂಗ್ ದಂಡದ ಜೋಡಣೆ ಹಿಡಿದಿದೆ. ಅಂಥ ಗಾಡಿಯನ್ನು ರಸ್ತೆಗಿಳಿಸಬೇಡಿ.

ಟೈರು ತಿನ್ನುತ್ತಿದೆ

ಮೊದಲು ಕಣ್ಣಲ್ಲಿ ನೋಡಿ, ಉಕ್ಕಿನ ತಂತಿ ಎದ್ದಿದ್ದರೆ ಕೈ ಸವರಬೇಡಿ. ಆ ಟೈರಿಗೆ ಮುಂದಿನ ಪಯಣವೂ ಇಲ್ಲ. ತಂತಿ ಕಾಣದಿದ್ದರೆ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಓಡಿಸಿ. ಬೆಕ್ಕಿನ ನಾಲಿಗೆಯಂತೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗರ ಎನಿಸಿದರೆ ಟೋ ತಪ್ಪಿದೆ. ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಟೋ-ಇನ್ ಹೆಚ್ಚು; ಹೊರಗಿನಿಂದ ಒಳಕ್ಕೆ ಸವರುವಾಗ ಚುಚ್ಚಿದರೆ ಟೋ-ಔಟ್. ಗರಗರವಿಲ್ಲದೆ ಒಂದು ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್: ಹೊರ ಅಂಚಾದರೆ ಪ್ಲಸ್, ಒಳ ಅಂಚಾದರೆ ಮೈನಸ್. ಇಂಡಿಪೆಂಡೆಂಟ್ ಗಾಡಿ ಎತ್ತಿದಾಗ ಮೊದಲು ಪ್ಲಸ್ ಕಡೆಗೆ ಹೋಗುವುದೇ ಹೆಚ್ಚು. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಷಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಚಕ್ರದ ಬ್ಯಾಲೆನ್ಸ್ ಹೋಗಿದೆ.

ಇರುವ ಮೂರು ಕೋನಗಳಲ್ಲಿ ಟೈರನ್ನು ಬೇಗ ಮುಗಿಸುವುದು ಟೋ. ಮನೆಯಲ್ಲಿ ಅಳೆಯುವ ಬಗೆ ಹೀಗೆ:

1. ಮುಂಭಾಗ ಎತ್ತಿ ಸ್ಟ್ಯಾಂಡಿಗೆ ಕೂರಿಸಿ. ಟೈರಿನ ನಡುವೆ ಸೀಮೆಸುಣ್ಣ ಬಳಿದು, ಚಕ್ರವನ್ನು ತಿರುಗಿಸುತ್ತ ಅಲುಗಾಡದಂತೆ ಹಿಡಿದ ಮೊಳೆಯಿಂದ ಸುತ್ತಲೂ ಒಂದು ತೆಳು ಗೆರೆ ಎಳೆಯಿರಿ. ಎರಡೂ ಟೈರಿಗೆ.
2. ಕೆಳಗಿಳಿಸಿ, ಸ್ಟೀರಿಂಗ್ ನೇರವಿಟ್ಟು, ಹಿಂದೆ ಹೋಗಿ ಐದಾರು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಕೊನೆಯ ಚಲನೆ ಮುಂದಕ್ಕೇ ಇರಲಿ.
3. ಚಕ್ರದ ನಡುಬಿಂದುವಿನ ಎತ್ತರದಲ್ಲಿ, ಗೆರೆಯಿಂದ ಗೆರೆಗೆ ಟೈರಿನ ಮುಂಬದಿಯಲ್ಲೂ ಹಿಂಬದಿಯಲ್ಲೂ ಅಳೆಯಿರಿ. ಇಂಜಿನ್ ಅಡ್ಡ ಬಂದರೆ ಎರಡೂ ಕಡೆ ಸಾಧ್ಯವಿರುವ ಒಂದೇ ಎತ್ತರ ಆರಿಸಿಕೊಳ್ಳಿ.
4. ಹಿಂಬದಿಯ ಅಳತೆಯಿಂದ ಮುಂಬದಿಯದನ್ನು ಕಳೆಯಿರಿ. ಉತ್ತರ ಪ್ಲಸ್ ಬಂದರೆ ಟೋ-ಇನ್.

800 ಮಿಮೀ ವ್ಯಾಸದ ಟೈರಿಗೆ 0.1 ಡಿಗ್ರಿ ಎಂದರೆ 1.4 ಮಿಮೀ. ಬಹುತೇಕ ಪಿಕಪ್‌ಗಳಿಗೆ ಒಟ್ಟು ಟೋ-ಇನ್ 1ರಿಂದ 3 ಮಿಮೀ ನಡುವೆ ಇರುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. 8–10 ಮಿಮೀ ಕಂಡುಬಂದರೆ ಅಲೈನ್‌ಮೆಂಟಿಗೆ ಹೋಗುವ ದಾರಿಯಲ್ಲೇ ಟೈರು ಸವೆಯುತ್ತದೆ, ಮನೆಯಲ್ಲೇ ಅಂದಾಜಿಗೆ ತಂದುಕೊಳ್ಳಿ. ಟೈ ರಾಡಿನ ತಿರುಪಿನ ಮರೆ (ಥ್ರೆಡ್) 1.5 ಮಿಮೀ ಅಂತರದ್ದು, ಚಕ್ರದ ಬಳಿಯ ಸ್ಟೀರಿಂಗ್ ತೋಳು 150 ಮಿಮೀ ಎಂದುಕೊಂಡರೆ ಒಂದು ಪೂರ್ತಿ ಸುತ್ತಿಗೆ ಆ ಚಕ್ರ 0.57 ಡಿಗ್ರಿ ತಿರುಗುತ್ತದೆ. ಕಾಲು ಸುತ್ತಿಗೆ ಸುಮಾರು 2 ಮಿಮೀ. ಎರಡೂ ಕಡೆ ಸಮವಾಗಿ ತಿರುಗಿಸಿ, ಲಾಕ್ ನಟ್ಟನ್ನು ಬಿಗಿಯಲು ಮರೆಯಬೇಡಿ. ಸಡಿಲವಾದ ಲಾಕ್ ನಟ್ಟಿನಿಂದ ಟೈ ರಾಡ್ ತಾನಾಗಿ ತಿರುಗುತ್ತದೆ, ಬಿಚ್ಚಿ ಬಂದರೆ ಚಕ್ರ ಯಾರ ಹಿಡಿತದಲ್ಲೂ ಇರುವುದಿಲ್ಲ.

ಗುಂಡಿ ದಾಟಿದಾಗ ಲೊಟಕ್ ಅನ್ನುತ್ತದೆ

ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವ ಸ್ವೇ ಬಾರ್ ಲಿಂಕಿನ ನಟ್ಟಿನಿಂದ ಶುರುಮಾಡಿ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಷಾಕಿನ ಮೇಲ್ತುದಿ, ಕೆಳತುದಿ. ಸ್ಟೀರಿಂಗ್ ತಿರುಗಿಸುವಾಗ ಟಣ್ ಎಂದು ಸ್ಪ್ರಿಂಗ್ ಹಾರಿದಂತಾದರೆ ಸುರುಳಿ ಗುಳಿಯಿಂದ ಹೊರಗಿದೆ.

ಕಾಯಿಲ್-ಓವರ್ ಗಾಡಿಯಲ್ಲಿ ಇನ್ನೊಂದನ್ನು ನೋಡಲೇಬೇಕು. ಚಕ್ರ ಪೂರ್ತಿ ನೇತಾಡುವಾಗ ಮೇಲಿನ ಆರ್ಮ್ ಹೊಸ ಸ್ಪ್ರಿಂಗಿಗೆ ತಗಲುತ್ತದೆಯೇ? ಆರ್ಮಿನ ಒಳಮೈಯಲ್ಲಿ ಬಣ್ಣ ಹೋಗಿ ಫಳಫಳ ಹೊಳೆಯುವ ಉಗುರಗಲದ ಪಟ್ಟಿ, ಎದುರಿಗೆ ಸ್ಪ್ರಿಂಗಿನ ಮೇಲೂ ಅಂಥದ್ದೇ ಗೀರು ಕಂಡರೆ ತಗಲುತ್ತಿದೆ. ಸ್ಪ್ರಿಂಗಿಗೆ ಗೀರು ಬಿದ್ದ ಜಾಗದಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಜಾಗ ಬಿಡಿಸಿದ ಬೇರೆ ಮೇಲಿನ ಆರ್ಮ್ ಹಾಕಬೇಕು, ಇಲ್ಲವೇ ಎತ್ತರ ಇಳಿಸಬೇಕು.

ಅದೇ ನೇತಾಡುವ ಸ್ಥಿತಿಯಲ್ಲಿ ಬ್ರೇಕ್ ಹೋಸ್, ಎಬಿಎಸ್ ತಂತಿಗಳನ್ನೂ ನೋಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿದರೂ ಅವು ಬಿಗಿಯಾಗಿ ಎಳೆಯಬಾರದು. 4x4 ಆಗಿದ್ದರೆ ಮುಂದಿನ ಚಕ್ರ ತಿರುಗಿಸುವ ದಂಡದ ಸಿವಿ ಜಾಯಿಂಟಿನ ರಬ್ಬರ್ ಚೀಲದ ಮಡಿಕೆಗಳು ಒಂದಕ್ಕೊಂದು ಉಜ್ಜಿ ಗ್ರೀಸ್ ಸಿಡಿದಿದೆಯೇ ಎಂದೂ ನೋಡಿ.

ಗುಂಡಿ ಹಾರಿದ ಕೂಡಲೇ ಸ್ಟೀರಿಂಗ್ ಭಯಂಕರ ನಡುಗುತ್ತದೆ

ಸಾಲಿಡ್ ಆಕ್ಸಲಿನವರು ಡೆತ್ ವಾಬಲ್ ಎಂದು ಹೆದರುವುದು ಇದಕ್ಕೇ. ಇಡೀ ಮುಂಭಾಗ ಕುಣಿಯುತ್ತದೆ, ವೇಗ ಇಳಿಸುವವರೆಗೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬ್ರೇಕ್ ಮೇಲೆ ಎದ್ದು ನಿಲ್ಲಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ಒಮ್ಮೆ ಆದರೂ ಸಾಕು, ಕಾರಣ ಸಿಗುವವರೆಗೆ ಹೆದ್ದಾರಿ ಬೇಡ.

ಮೊದಲ ಅನುಮಾನ, ಆಕ್ಸಲ್ ಎಡ-ಬಲ ಸರಿಯದಂತೆ ಅದನ್ನು ಚಾಸಿಗೆ ಅಡ್ಡಲಾಗಿ ಕಟ್ಟುವ ಟ್ರ್ಯಾಕ್ ಬಾರ್ ಮೇಲೆ. ಒಬ್ಬರು ಇಂಜಿನ್ ಚಾಲೂ ಇಟ್ಟು, ಗಾಡಿ ನೆಲದ ಮೇಲಿರುವಾಗಲೇ ಸ್ಟೀರಿಂಗನ್ನು ಬೇಗಬೇಗ ಅತ್ತಿತ್ತ ಸ್ವಲ್ಪ ಆಡಿಸಲಿ. ಗೇರ್ ಪಾರ್ಕಿನಲ್ಲಿ ಅಥವಾ ನ್ಯೂಟ್ರಲಿನಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಟ್ಟಿ. ಇನ್ನೊಬ್ಬರು ಪಕ್ಕದಿಂದ ಬಗ್ಗಿ, ಕೈ ಚಾಚದೆ, ಬಾರಿನ ಎರಡೂ ತುದಿ ನೋಡಲಿ. ಬೋಲ್ಟ್ ತೂತಿನೊಳಗೆ ಕೂದಲೆಳೆ ಅಲುಗಿದರೂ ಅದೇ ದೋಷ. ಬಿಗಿದ ಮೇಲೂ ಅಲುಗಿದರೆ ತೂತು ಅಂಡಾಕಾರವಾಗಿದೆ, ಬ್ರಾಕೆಟ್ ಬದಲಿಸಬೇಕು. ನಂತರ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಚಕ್ರದ ಬ್ಯಾಲೆನ್ಸ್, ಕೊನೆಗೆ ಕ್ಯಾಸ್ಟರ್.

ಟ್ರ್ಯಾಕ್ ಬಾರಿನ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಎತ್ತಿದಾಗ ಅದು ಆಕ್ಸಲನ್ನು ಚಾಸಿಗೆ ಕಟ್ಟಿದ ತುದಿಯ ಕಡೆಗೆ ಎಳೆಯುತ್ತದೆ. 850 ಮಿಮೀ ಬಾರಿನ ಎರಡು ತುದಿಗಳ ಎತ್ತರದ ಅಂತರ 100ರಿಂದ 150 ಮಿಮೀಗೆ ಹೋದರೆ ಆಕ್ಸಲ್ 7 ಮಿಮೀ ಸರಿಯುತ್ತದೆ. ಒಂದು ಟೈರು ಫೆಂಡರಿನಿಂದ ಹೊರಗೆ, ಇನ್ನೊಂದು ಒಳಗೆ ಕಾಣುವುದು ಇದಕ್ಕೇ. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿದರೆ ನಡುವಿಗೆ ಬರುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಿದೆ

ಸ್ಟೆಬಿಲಿಟಿ ಕಂಟ್ರೋಲಿನ ದೀಪವಾದರೆ ಸ್ಟೀರಿಂಗ್ ಕೋನದ ಸೆನ್ಸರಿನ ಸೊನ್ನೆ ತಪ್ಪಿದೆ. ಅಲೈನ್‌ಮೆಂಟ್ ಮುಗಿದ ಮೇಲೆ ಸ್ಕ್ಯಾನರಿನಿಂದ ಮರುಹೊಂದಿಸಬೇಕು, ಮೊದಲಲ್ಲ. ಎಬಿಎಸ್ ದೀಪವಾದರೆ ಚಕ್ರದ ತಂತಿ ಎಳೆದು ಕಿತ್ತಿದೆಯೇ ನೋಡಿ. ಮೂತಿ ಎದ್ದಿರುವುದರಿಂದ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ, ಅದನ್ನು ಕೆಳಗಿಳಿಸಿ. ಲೇನ್ ಕ್ಯಾಮೆರಾ, ರಾಡಾರ್ ಇರುವ ಗಾಡಿಗೆ ಅವುಗಳ ಕ್ಯಾಲಿಬ್ರೇಷನ್ ಕೂಡ ಬೇಕಾಗುತ್ತದೆ.

ಯಂತ್ರದ ಮುಂದೆ ನಿಂತ ಮೇಲೂ "ಅಳತೆಗೆ ಬರುತ್ತಿಲ್ಲ" ಎಂದರೆ

ಅಚ್ಚಾದ ಹಾಳೆ ಕೇಳಿ ತೆಗೆದುಕೊಳ್ಳಿ. ಉದಾಹರಣೆಗೆ ಎಡಕ್ಕೆ ಕ್ಯಾಂಬರ್ +0.9, ಕ್ಯಾಸ್ಟರ್ 1.6, ಬಲಕ್ಕೆ ಕ್ಯಾಂಬರ್ +0.2, ಕ್ಯಾಸ್ಟರ್ 2.5 ಎಂದಿದ್ದರೆ ಗಾಡಿ ಎಡಕ್ಕೆ ಎಳೆಯಲು ಎರಡು ಕಾರಣ ಕಣ್ಣೆದುರಿಗಿದೆ. ಎಡದ ಎತ್ತರ ಬಲಕ್ಕಿಂತ ಹೆಚ್ಚಿದೆಯೇ ಎಂದು ಮತ್ತೆ ಟೇಪು ಹಿಡಿಯಿರಿ.

ಇಂಡಿಪೆಂಡೆಂಟ್ ಗಾಡಿಯ ಕೆಳಗಿನ ಆರ್ಮಿನಲ್ಲಿ ಹಿಂದೆ ಮುಂದೆ ಎರಡು ಕ್ಯಾಮ್ ಇರುತ್ತವೆ. ಎರಡನ್ನೂ ಒಟ್ಟಿಗೆ ಹೊರಗೆ ಸರಿಸಿದರೆ ಚಕ್ರದ ಬುಡ ಹೊರಬಂದು ಕ್ಯಾಂಬರ್ ಮೈನಸ್ ಕಡೆ ಹೋಗುತ್ತದೆ. ಒಂದನ್ನು ಒಳಗೆ ಇನ್ನೊಂದನ್ನು ಹೊರಗೆ ಸರಿಸಿದರೆ ಕ್ಯಾಸ್ಟರ್ ಬದಲಾಗುತ್ತದೆ. ಇರುವ ಅವಕಾಶ ಒಂದೇ, ಹಂಚಿಕೊಳ್ಳುವವರು ಇಬ್ಬರು. ಎತ್ತಿದ ಗಾಡಿಯಲ್ಲಿ ಕ್ಯಾಂಬರ್ ಸೊನ್ನೆಗೆ ತರುವಷ್ಟರಲ್ಲಿ ಕ್ಯಾಮ್ ಕೊನೆ ಮುಟ್ಟಿ ಕ್ಯಾಸ್ಟರಿಗೆ ಏನೂ ಉಳಿದಿರುವುದಿಲ್ಲ. ಆಗ ಹೆಚ್ಚುವರಿ ಕ್ಯಾಸ್ಟರ್ ಸೇರಿಸಿಯೇ ತಯಾರಿಸಿದ ಮೇಲಿನ ಆರ್ಮ್ ಬೇಕು. ಅದಕ್ಕೆ ಮೊದಲು ಕ್ಯಾಮ್ ನಿಜಕ್ಕೂ ಕೊನೆ ಮುಟ್ಟಿದೆಯೋ ಅಥವಾ ತುಕ್ಕು ಹಿಡಿದು ಬುಷ್ಷಿನೊಳಗೆ ಅಂಟಿಕೊಂಡಿದೆಯೋ ಎಂದು ಕಣ್ಣಾರೆ ನೋಡಿ. ತುಕ್ಕಾದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಬೇಕು. ಬೆಂಕಿ ಹಿಡಿದರೆ ಬುಷ್ ಸುಡುತ್ತದೆ, ಬೋಲ್ಟ್ ಕತ್ತರಿಸಿ ಹೊಸ ಬುಷ್ಷೇ ಹಾಕುವುದು ಮೇಲು. ಕೆಲವು ಗಾಡಿಗಳು ಕಾರ್ಖಾನೆಯಿಂದ ಕ್ಯಾಮ್ ಇಲ್ಲದ ಸಾದಾ ಬೋಲ್ಟಿನೊಂದಿಗೇ ಬರುತ್ತವೆ; ಅವಕ್ಕೆ ಕ್ಯಾಮ್ ಕಿಟ್ ಹಾಕದೆ ಹೊಂದಾಣಿಕೆ ಸಾಧ್ಯವೇ ಇಲ್ಲ.

ಒಂದು ಕಡೆಯ ಕ್ಯಾಂಬರ್ ಮಾತ್ರ ಬಹಳ ತಪ್ಪಿದ್ದು, ಹಾಳೆಯಲ್ಲಿ ಇನ್‌ಕ್ಲೂಡೆಡ್ ಆಂಗಲ್ (ಕ್ಯಾಂಬರ್ ಮತ್ತು ಚಕ್ರ ಅತ್ತಿತ್ತ ಹೊರಳುವ ಅಕ್ಷದ ಒಳವಾಲು ಸೇರಿದ ಕೋನ) ಎಡ-ಬಲ ಬೇರೆ ಬೇರೆ ಇದ್ದರೆ ಚಕ್ರ ಹೊತ್ತ ನಕಲ್ ಬಗ್ಗಿರುವ ಸಾಧ್ಯತೆ ಹೆಚ್ಚು. ಅದು ಹೊಂದಿಸುವ ಕೆಲಸವಲ್ಲ, ಬದಲಿಸುವ ಕೆಲಸ. ಥ್ರಸ್ಟ್ ಆಂಗಲ್ (ಹಿಂದಿನ ಚಕ್ರಗಳು ಗಾಡಿಯನ್ನು ದೂಡುವ ದಿಕ್ಕು) ತಪ್ಪಿದ್ದರೆ ಹಿಂದಿನ ಆಕ್ಸಲ್ ವಾರೆಯಾಗಿದೆ. ಮುಂದಿನ ಸ್ಪ್ರಿಂಗ್ ಅದಕ್ಕೆ ಹೊಣೆಯಲ್ಲ, ಲೀಫ್ ಸ್ಪ್ರಿಂಗಿನ ನಡುಬೋಲ್ಟು ಮತ್ತು ಯು-ಬೋಲ್ಟು ನೋಡಿಸಿ.

ಕೆಲಸ ಒಪ್ಪಿಸುವಾಗ ಎರಡು ವಿಷಯ ಹೇಳಿ: ಗಾಡಿಯಲ್ಲಿ ಸದಾ ಎಷ್ಟು ಭಾರ ಇರುತ್ತದೆ ಎಂಬುದು, ಮತ್ತು ಸ್ಪ್ರಿಂಗ್ ಹಾಕಿ ಎಷ್ಟು ಕಿಮೀ ಆಯಿತು ಎಂಬುದು. ಉಪಕರಣದ ಪೆಟ್ಟಿಗೆ ಹೊತ್ತು ತಿರುಗುವ ಗಾಡಿಗೆ ಪೆಟ್ಟಿಗೆ ಸಮೇತವೇ ಅಲೈನ್‌ಮೆಂಟ್ ಆಗಬೇಕು. ಹೊಸ ಸ್ಪ್ರಿಂಗ್ ಮೊದಲ 500ರಿಂದ 1000 ಕಿಮೀ ಒಳಗೆ ಕೆಲವು ಮಿಮೀ ಕುಳಿತುಕೊಳ್ಳುತ್ತದೆ. ಹಾಗಾಗಿ ಹಾಕಿದ ಕೂಡಲೇ ಒಮ್ಮೆ ಮಾಡಿಸಿ, 1000 ಕಿಮೀ ಆದಾಗ ಫೆಂಡರಿನ ಎತ್ತರ ಮತ್ತೆ ಅಳೆದು, 5 ಮಿಮೀಗಿಂತ ಹೆಚ್ಚು ಇಳಿದಿದ್ದರೆ ಇನ್ನೊಮ್ಮೆ ಯಂತ್ರಕ್ಕೆ ಕೂರಿಸಿ.